ಡ್ರೈವರೊಡನೆ ಮಾತಾಡಕೂಡದು

ಮನುಷ್ಯನ ಭಯಗಳೆಲ್ಲ ಕತ್ತಲಿನಲ್ಲಿ ಹುಟ್ಟಿ, ಸಾವಿನ ನೆರಳಿನಲ್ಲಿ ಬೆಳೆದು, ಕೊನೆಗೆ ಅವನ ಜೊತೆಗೇ ಮಣ್ಣು ಸೇರುತ್ತವೆ ಎಂದು ತಿಳಿದವರು ಹೇಳುತ್ತಾರೆ. ನನ್ನವುಗಳಲ್ಲಿ ದೊಡ್ಡದು ಒಂದು ಹಳೆಯ ಕಾರಿನ ರೇಡಿಯೇಟರಿನಲ್ಲಿ ಹುಟ್ಟಿತು. ತಿಳಿದವರು ಆ ಕಾರಿನಲ್ಲಿ ಕೂತವರಲ್ಲ.

ಕಾರಿಗೆ ಮೊದಲು ಮನೆಯ ವಿಚಾರ. ಕೋಲಾರದ ಚಿನ್ನದ ಗಣಿಯ ಕೋರಮಂಡಲ್ ಕ್ವಾರ್ಟರ್ಸಿನಲ್ಲಿ ನಮ್ಮದು ತಗಡಿನ ಮಾಡಿನ ಮೂರು ಕೋಣೆ, ರೈಲು ಡಬ್ಬಿಗಳ ಹಾಗೆ ಒಂದರ ಹಿಂದೆ ಒಂದು. ಮುಂದಿನದರಲ್ಲಿ ಅಪ್ಪ, ನಡುವಿನದರಲ್ಲಿ ದೇವರು ಮತ್ತು ಅಪ್ಪನ ತಾಯಿಯಾದ ಅಜ್ಜಿ, ಹಿಂದಿನದರಲ್ಲಿ ಒಲೆ ಮತ್ತು ಅಮ್ಮ. ನಾನೂ ನನ್ನ ತಮ್ಮ ಸೀನನೂ ಬೈಗುಳ ಕಡಿಮೆಯಿರುವ ಕೋಣೆಯಲ್ಲಿ. ನೆಲದ ಕೆಳಗೆ, ಊಹೆಗೆ ಸಿಗದಷ್ಟು ಆಳದಲ್ಲಿ ಜನ ಬಂಡೆ ಒಡೆಯುತ್ತಿದ್ದರು. ಒಮ್ಮೊಮ್ಮೆ ಅಲ್ಲಿ ಬಂಡೆ ತಾನಾಗಿಯೇ ಸಿಡಿಯುತ್ತಿತ್ತು. ಆಗ ಅಡಿಗೆಮನೆಯ ಹಲಗೆಯ ಮೇಲಿನ ತಟ್ಟೆಗಳು ಒಂದಕ್ಕೊಂದು ತಾಕಿ ಹಲ್ಲು ಕಡಿದ ಹಾಗೆ ಸದ್ದು ಮಾಡುತ್ತಿದ್ದವು. ಅಮ್ಮ ಒಲೆಯ ಮೇಲಿನ ಪಾತ್ರೆಯನ್ನು ಹಿಡಿದುಕೊಳ್ಳುತ್ತಿದ್ದಳು. ಅಜ್ಜಿ ಗೋಡೆಗೆ ಅಂಗೈಯಿಟ್ಟು, ಬೆಚ್ಚಿದ ಎಮ್ಮೆಯನ್ನು ಸಮಾಧಾನ ಮಾಡುವಂತೆ ಮೆಲ್ಲಗೆ ತಟ್ಟುತ್ತಿದ್ದಳು. ಆಮೇಲೆ ಗಣಿಯ ಸೈರನ್ ಕೂಗುತ್ತದೋ ಇಲ್ಲವೋ ಎಂದು ಇಡೀ ಸಾಲುಮನೆಗಳು ಕಿವಿ ನಿಮಿರಿಸಿ ಕಾಯುತ್ತಿದ್ದವು. ಕೂಗದೇ ಹೋದರೆ ಪಕ್ಕದ ಮನೆಯ ಆರೋಗ್ಯಮ್ಮ ಬೀದಿಗೆ ಬಂದು, ಏನೂ ಆಗಿಲ್ಲವೆಂಬುದನ್ನು ತಮಿಳಿನಲ್ಲೂ ಕನ್ನಡದಲ್ಲೂ ಸಾರುತ್ತಿದ್ದಳು, ಆ ಏನೂ ಆಗದಿರುವಿಕೆಯನ್ನು ತಾನೇ ಏರ್ಪಾಡು ಮಾಡಿದಂತೆ. ನಾನು ಮಾತ್ರ ಅಂಥ ದಿನಗಳಲ್ಲಿ ಊಟ ಬಿಡುತ್ತಿದ್ದೆ. ಮನೆಯಲ್ಲಿ ನನಗೆ ಅಂಜುಬುರುಕಿ ಎಂಬ ಬಿರುದಿತ್ತು. ಅದನ್ನು ಯಾರೂ ಸುಮ್ಮನೆ ಕೊಟ್ಟಿರಲಿಲ್ಲ, ದುಡಿದು ಗಳಿಸಿದ್ದೆ.

ಅಪ್ಪನದು ಗಣಿಯೊಳಕ್ಕೆ ಇಳಿಯುವ ಕೆಲಸವಲ್ಲ, ಇಳಿಸುವ ಕೆಲಸ. ಗಣಿಬಾವಿಯಿಂದ ಸ್ವಲ್ಪ ದೂರದ ಇಂಜಿನ್ ಮನೆಯಲ್ಲಿ ಆಳೆತ್ತರದ ಉರುಳೆ, ಅದಕ್ಕೆ ಸುತ್ತಿದ ಉಕ್ಕಿನ ಹಗ್ಗ, ಹಗ್ಗದ ತುದಿಗೆ ಪಂಜರ, ಪಂಜರದ ತುಂಬ ಜನ. ಆ ಜನ ಅಪ್ಪನಿಗೆ ಕಾಣುತ್ತಿರಲಿಲ್ಲ. ಅವರ ಕಡೆಯವನೊಬ್ಬ ಗಂಟೆ ಹೊಡೆಯುತ್ತಿದ್ದ, ಇವನು ಆ ಗಂಟೆಯ ಎಣಿಕೆಯನ್ನು ನಂಬಿ ಹಿಡಿ ಎಳೆಯುತ್ತಿದ್ದ. ಎಣಿಕೆ ತಪ್ಪಿದರೆ ಏನಾಗುತ್ತದೆಂದು ಅವನು ಯಾವತ್ತೂ ಹೇಳಿರಲಿಲ್ಲ, ಆದ್ದರಿಂದ ಅದು ನಮಗೆ ಚೆನ್ನಾಗಿ ಗೊತ್ತಿತ್ತು. ಅವನ ತಲೆಯ ಮೇಲೆ ಗೋಡೆಗೆ ‘ಡ್ರೈವರೊಡನೆ ಮಾತಾಡಕೂಡದು’ ಎಂಬ ಬೋರ್ಡಿತ್ತಂತೆ. ಬೋರ್ಡು ಅಲ್ಲೇ ಉಳಿಯಿತು, ಕಾನೂನು ಮಾತ್ರ ಅಪ್ಪನ ಜೊತೆ ಮನೆಗೆ ಬಂತು. ಊಟಕ್ಕೆ ಕೂತಾಗ ಅವನೂ ಮಾತಾಡುತ್ತಿರಲಿಲ್ಲ, ನಾವೂ ಮಾತಾಡುವಂತಿರಲಿಲ್ಲ. ತಟ್ಟೆಯ ಅಂಚಿಗೆ ಬೆರಳಿನಿಂದ ಒಮ್ಮೆ ತಟ್ಟಿದರೆ ಸಾರು, ಎರಡು ಸಲ ತಟ್ಟಿದರೆ ಮುದ್ದೆ. ಅಮ್ಮ ಹೊಸದಾಗಿ ಮದುವೆಯಾಗಿ ಬಂದಾಗ ಒಂದು ವಾರ ಎರಡನ್ನೂ ಅದಲುಬದಲು ಮಾಡಿದರೂ ಅಪ್ಪ ಅದನ್ನು ಮಾತಿಲ್ಲದೆ ತಿಂದನೆಂದು ಅಜ್ಜಿ ಹೆಮ್ಮೆಯಿಂದ ಹೇಳುತ್ತಿದ್ದಳು.

ಇಂಥ ಮನೆಗೆ ಕಾರು ಬಂತು. ಗಣಿಯ ಒಬ್ಬ ಸಾಹೇಬರು ಊಟಿಯಲ್ಲಿದ್ದಾಗ ಇಟ್ಟುಕೊಂಡಿದ್ದ ವಿಲಾಯಿತಿ ಗಾಡಿ ಅದು. ಅವರು ಕಡಲಾಚೆ ಹೊರಟಾಗ ಅದನ್ನು ಅಪ್ಪನ ತಲೆಗೆ ಕಟ್ಟಿ, ಇಬ್ಬರೂ ಕಣ್ಣೊರೆಸಿಕೊಂಡರಂತೆ. ಸಾಹೇಬರ ಕಣ್ಣೀರು ಯಾತರದೆಂದು ನಮಗೆ ಆಮೇಲೆ ತಿಳಿಯಿತು. ಕಬ್ಬಿಣದ ಹ್ಯಾಂಡಲನ್ನು ಮೂತಿಗೆ ತುರುಕಿ ತಿರುಗಿಸಿದರೆ ಮಾತ್ರ ಹೊರಡುವ, ಹೊರಟರೆ ಕುದಿಯುವ ಗಾಡಿ. ಇಂಜಿನ್ನಿನ ಬಿಸಿ ತೋರಿಸುವ ಮುಳ್ಳು ಸತ್ತು, ಎಲ್ಲವೂ ತಣ್ಣಗಿದೆ ಎಂದೇ ಸದಾ ಸಾರುತ್ತಿತ್ತು. ಹಾಗಾಗಿ ಬಿಸಿ ಅಳೆಯುವ ಜವಾಬ್ದಾರಿ ಅಜ್ಜಿಯ ಅಂಗಾಲಿಗೆ ಬಂತು. ಆಕೆ ಚಪ್ಪಲಿ ಮೆಟ್ಟದವಳು. ಮುಂದಿನ ಸೀಟಿನಲ್ಲಿ ಕೂತು ಇಂಜಿನ್ ಕಡೆಯ ತಗಡಿಗೆ ಪಾದ ಊರಿದರೆ ಇಂಜಿನ್ನಿನ ನಾಡಿ ಸಿಗುತ್ತಿತ್ತು. ಆದರೆ ಪಕ್ಕದಲ್ಲೇ ಕೂತ ಮಗನಿಗೆ ಅದನ್ನು ಬಾಯಿಬಿಟ್ಟು ಹೇಳುವಂತಿರಲಿಲ್ಲ, ಅವನು ಡ್ರೈವರು. ಆಕೆ ಹಿಂದಕ್ಕೆ ತಿರುಗಿ ನನಗೆ ಹೇಳಬೇಕು, ನಾನು ಗಂಟೆ ಹೊಡೆಯಬೇಕು. ದೇವರ ಗೂಡಿನ ಹಳೆಯ ಕೈಗಂಟೆಯನ್ನು ಅಪ್ಪ ಇದಕ್ಕೆಂದೇ ಕೇಳಿ ಪಡೆದಿದ್ದ. ಒಂದು ಹೊಡೆದರೆ ನಿಲ್ಲಿಸು, ಎರಡಾದರೆ ನಿಧಾನ, ಮೂರಾದರೆ ಎಲ್ಲರೂ ಹತ್ತಿದ್ದಾಗಿದೆ, ಹೊರಡು. ನಾಲ್ಕನೆಯ ಸಂಕೇತವೂ ಒಂದಿತ್ತು: ಬಿಡದೆ ಬಾರಿಸಿದರೆ ಅನಾಹುತ. ಅದನ್ನು ಕಲಿಸಿದ ದಿನವೇ ಅದನ್ನು ಎಂದೂ ಬಾರಿಸಕೂಡದೆಂದೂ ಅಪ್ಪ ಕಲಿಸಿದ.

"ಅದು ಗಣಿ ಕೆಳಗಡೆಯೋರಿಗೆ ಇರೋದು. ಆಟಕ್ಕೆ ಒಡ್ದೀಯ, ಉಸಾರು. ಅದು ಕೇಳಿಸ್ತೂ ಅಂದ್ರೆ ನನ್ನ ಕೈ ನನ್ನ ಮಾತು ಕೇಳಾಕಿಲ್ಲ, ತಾನೇ ಬ್ರೇಕ್ ಇಡೀತದೆ."

ಅಂಜುಬುರುಕಿಗೆ ಗಂಟೆ ಕೊಟ್ಟದ್ದು ಅದಕ್ಕೇ. ಧೈರ್ಯವಂತರು ಸುಮ್ಮಸುಮ್ಮನೆ ಬಾರಿಸುತ್ತಾರೆ.

ಬೇಸಿಗೆ ಹತ್ತಿರವಾದಂತೆ ರೇಡಿಯೇಟರು ಸೋರತೊಡಗಿತು. ಬೆಳಿಗ್ಗೆ ಅಮ್ಮ ಸಾರಿಸಿದ ಅಂಗಳದಲ್ಲಿ, ರಂಗೋಲಿಯ ನಡುವಿಗೇ ಹಸಿ ಕಲೆ. ಅಪ್ಪ ಬಗ್ಗಿ ನೋಡಿ, ಎದ್ದು ನಿಂತು, ಏನೂ ಇಲ್ಲವೆಂದ. ಇಂಜಿನ್ನಿನವನ ಮನೆಯಲ್ಲಿ ಇಂಜಿನ್ ಸೋರುವುದು ಗೌರವದ ಮಾತಲ್ಲ. ಆ ವಿಷಯ ಊಟದ ಹೊತ್ತಿಗೆ ಬರಲಿಲ್ಲ, ಯಾಕೆಂದರೆ ಊಟದ ಹೊತ್ತಿಗೆ ಯಾವ ವಿಷಯವೂ ಬರುವಂತಿರಲಿಲ್ಲ. ಅಪ್ಪ ಒಂದೇ ಆಜ್ಞೆ ಹೊರಡಿಸಿದ.

"ಅದ್ರ ಮುಚ್ಚಳ ಯಾರೂ ಮುಟ್ಟಂಗಿಲ್ಲ. ಕುದೀವಾಗ ತಿರುವಿದ್ರೆ ಮುಖದ ಚರ್ಮ ಸುಲ್ಕೊಂಡು ಬತ್ತದೆ. ಹಂಗಾದೋನ್ನ ನಾನು ಕಂಡಿವ್ನಿ."

ಆ ಮುಖ ನಾನು ಕಂಡದ್ದಲ್ಲ, ಆದರೂ ಆ ಬೇಸಿಗೆಯೆಲ್ಲ ದೀಪ ಆರಿಸಿದ ಕೂಡಲೆ ಅದು ನನ್ನೆದುರು ಬಂದು ನಿಲ್ಲುತ್ತಿತ್ತು. ಹಗಲಲ್ಲೂ ಆ ಮುಚ್ಚಳವನ್ನು ನಾನು ದೂರದಿಂದ ಸುತ್ತಿ ಹಾಯುತ್ತಿದ್ದೆ. ಕೆಲವು ದಿನದ ಮೇಲೆ ಸೋರುವುದು ನಿಂತಿತು. ಅಪ್ಪ ನೆಮ್ಮದಿಯಾಗಿದ್ದ. ಅಮ್ಮನೂ ನೆಮ್ಮದಿಯಾಗಿದ್ದಳು. ಅಜ್ಜಿಯಂತೂ ಅಂಗಳದ ಕಡೆ ನೋಡಿ ಮುಗುಳ್ನಗುತ್ತಿದ್ದಳು. ಒಂದೇ ಮನೆಯಲ್ಲಿ ಮೂವರು ಒಟ್ಟಿಗೆ ನೆಮ್ಮದಿಯಾಗಿದ್ದರೆ ಅನುಮಾನ ಪಡಬೇಕೆಂಬುದು ನನಗೆ ಆಗ ತಿಳಿದಿರಲಿಲ್ಲ.

ರಜೆಯ ದಿನ ಬಂಗಾರಪೇಟೆಯ ಆಚೆ ನಮ್ಮ ಹಳ್ಳಿಗೆ ಹೋಗಿ ರಾಗಿ, ಹುರುಳಿ, ಎಮ್ಮೆ ತುಪ್ಪ ತರುವುದು ಮನೆಯ ಪದ್ಧತಿ. ಬಿಸಿಲು ಕಾದ ಅಂಥ ಒಂದು ದಿನ ಹಳ್ಳಿಯಲ್ಲಿ ಸೀನ ಬೆಳಗಿನಿಂದಲೇ ಮಂಕಾಗಿ ಕೂತಿದ್ದ. ಇನ್ನೂ ಶಾಲೆಗೆ ಸೇರದ ವಯಸ್ಸು ಅವನದು. ಮಧ್ಯಾಹ್ನದ ಹೊತ್ತಿಗೆ ಮೈ ಕೆಂಡವಾಗಿ ಎರಡು ಸಲ ವಾಂತಿ ಮಾಡಿದ. ದೃಷ್ಟಿಯೆಂದು ಅಜ್ಜಿ ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಎಲ್ಲರೂ ಕೆಮ್ಮಿದರು, ಅವನೊಬ್ಬ ಕೆಮ್ಮಲಿಲ್ಲ. ಲೋಟದ ನೀರು ಕುಡಿಸಲೆಂದು ಅಮ್ಮ ಅವನ ತಲೆಯನ್ನು ಬಗ್ಗಿಸಹೋದಾಗ ಕತ್ತು ಬಗ್ಗಲಿಲ್ಲ, ಅವನು ಕಿರಿಚಿಕೊಂಡ. ಆ ಕಿರುಚು ಮಕ್ಕಳದ್ದಾಗಿರಲಿಲ್ಲ. ಅಮ್ಮ ಅವನನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಕಾರಿನ ಹತ್ತಿರ ಹೋಗಿ ನಿಂತಳು. ಗಣಿಯ ಆಸ್ಪತ್ರೆಗೆ ಹೋಗಬೇಕೆಂಬುದು ಎಲ್ಲರಿಗೂ ತಿಳಿಯಿತು. ಅಪ್ಪ ಹ್ಯಾಂಡಲ್ ತಿರುಗಿಸಿದ, ಕುಡಿಯುವ ನೀರಿನ ಬಿಂದಿಗೆ ನನ್ನ ಕಾಲ ಬಳಿ ಬಂತು, ನಾನು ಮೂರು ಗಂಟೆ ಹೊಡೆದೆ. ಗಂಟೆಯ ಹಿಡಿ ನನ್ನ ಬೆವರಿಗೆ ಜಾರುತ್ತಿತ್ತು.

ಬಂಗಾರಪೇಟೆಯ ರೈಲ್ವೇ ಗೇಟು ಮುಚ್ಚಿತ್ತು. ಜಂಕ್ಷನ್ನಿನ ಗೇಟಿನ ಮುಂದೆ ಕೂತವರಿಗೆ ಕಾಲವೆಂದರೇನೆಂದು ತತ್ವಜ್ಞಾನಿಗಳು ಹೇಳಬೇಕಿಲ್ಲ. ಒಂದು ಗೂಡ್ಸು ಬಂದು, ನಿಂತು, ಹಿಂದಕ್ಕೆ ಹೋಗಿ, ಮನಸ್ಸು ಬದಲಿಸಿ ಮತ್ತೆ ಮುಂದಕ್ಕೆ ಬಂತು. ಇಂಜಿನ್ ಆಫ್ ಮಾಡಿದರೆ ಬಿಸಿಯಲ್ಲಿ ಮತ್ತೆ ಹ್ಯಾಂಡಲಿಗೆ ಒಗ್ಗುತ್ತದೋ ಇಲ್ಲವೋ ಎಂಬ ಭಯಕ್ಕೆ ಅಪ್ಪ ಅದನ್ನು ಓಡಲು ಬಿಟ್ಟೇ ಕೂತಿದ್ದ. ಅಜ್ಜಿ ಹಿಂದಕ್ಕೆ ತಿರುಗಿದಳು.

"ರತ್ನೀ, ಕಾಲು ಸುಡ್ತಾ ಅದೆ. ಒಡಿ ಗಂಟೆ, ನಿಮ್ಮಪ್ಪಂಗೆ."

ಬಿಸಿಯಾದರೆ ಎರಡು ಹೊಡೆಯುವುದು ವಾಡಿಕೆ. ಹೊಡೆದೆ. ನಿಂತ ಗಾಡಿಯನ್ನು ಇನ್ನೂ ನಿಧಾನ ಮಾಡುವುದು ಹೇಗೆಂದು ಅಪ್ಪನಿಗೆ ತಿಳಿಯಲಿಲ್ಲ. ಅವನು ಕನ್ನಡಿಯಲ್ಲಿ ನನ್ನನ್ನು ನೋಡಿದ, ನಾನು ಅಜ್ಜಿಯನ್ನು ನೋಡಿದೆ, ಅಜ್ಜಿ ತನ್ನ ಪಾದ ನೋಡಿಕೊಂಡಳು. ಮುಂದೆ ಬಾನೆಟ್ಟಿನ ಅಂಚಿನಿಂದ ಸಣ್ಣ ಬಿಳಿ ಎಳೆಯೊಂದು ಎದ್ದಿತು. ಗೇಟಿನವನು ಹಸಿರು ಬಾವುಟ ಕಂಕುಳಲ್ಲಿಟ್ಟುಕೊಂಡು ಬಗ್ಗಿ ನೋಡಿದ.

"ಏನ್ ಸಾಮಿ, ಗಾಡಿ ಬೀಡಿ ಹಚ್ಚೈತೆ?"

ಅಮ್ಮನ ಮಡಿಲಲ್ಲಿ ಸೀನನ ಕಣ್ಣು ಅರ್ಧ ಮುಚ್ಚಿ, ರೆಪ್ಪೆಯ ಕೆಳಗೆ ಬಿಳಿಯಷ್ಟೇ ಕಾಣುತ್ತಿತ್ತು. ಅವನು ನಮ್ಮನ್ನು ಬಿಟ್ಟು ಹೋಗುತ್ತಾನೆಂದು ನನಗೆ ಆಗಲೇ ಅನಿಸಿತು. ಬಾಯಲ್ಲಿ ಹೇಳಿದರೆ ನಿಜವಾಗುತ್ತದೆಂದು ಗಂಟೆಯ ನಾಲಿಗೆಯನ್ನು ಬೆರಳಿನಲ್ಲಿ ಒತ್ತಿ ಹಿಡಿದು ಕೂತೆ.

ಗೇಟು ತೆರೆದು, ಊರು ದಾಟಿ, ಏರು ಶುರುವಾಗುತ್ತಿದ್ದಂತೆ ಬಿಳಿ ಎಳೆ ಮೋಡವಾಯಿತು. ದಾರಿ ಕಾಣದೆ ಅಪ್ಪ ಹೊಂಗೆ ಮರವೊಂದರ ಕೆಳಗೆ ನಿಲ್ಲಿಸಿದ. ಬಾನೆಟ್ ಎತ್ತಿದರೆ ಒಳಗೆ ಮುದ್ದೆಯ ಪಾತ್ರೆ ಕುದಿಯುವ ಸದ್ದು. ಬೆಲ್ಟು ಎಳೆದು ನೋಡಿದ, ಸರಿಯಿತ್ತು. ಫ್ಯಾನು ಸರಿಯಿತ್ತು. ರಬ್ಬರಿನ ಕೊಳವೆಗಳನ್ನು ಚಿಂದಿಬಟ್ಟೆಯಲ್ಲಿ ಹಿಡಿದು ಒತ್ತಿದ. ಮೇಲಿನದು ಮುಟ್ಟಲಾಗದಷ್ಟು ಬಿಸಿ, ಕೆಳಗಿನದು ಬರೀ ಬೆಚ್ಚಗೆ. ಎರಡರ ನಡುವೆ ನೀರು ಇಳಿಯುತ್ತಿಲ್ಲವೆಂದು ಅವನಿಗೆ ಅಲ್ಲೇ ಗೊತ್ತಾಗಿರಬೇಕು, ಮುಖ ಗಟ್ಟಿಯಾಯಿತು. ಬಿಂದಿಗೆಗೆ ಕೈ ಚಾಚಿದ. ಅಮ್ಮ ಅದರ ಕತ್ತನ್ನು ಬಿಗಿಯಾಗಿ ಹಿಡಿದಿದ್ದಳು, ಸೆರಗಿನ ತುದಿಯನ್ನು ಅದ್ದಿ ಅದ್ದಿ ಸೀನನ ಹಣೆಗಿಡುತ್ತಿದ್ದಳು.

"ಬಿಂದಿಗೆ ಕೊಡು."

"ಮಗೀನ ಮೈ ಮುಟ್ಟಿ ನೋಡಿ ಮೊದ್ಲು."

"ಗಾಡಿ ಓಡ್ದಿದ್ರೆ ಮಗು ಆಸ್ಪತ್ರೆಗೆ ಎಂಗೆ ಓಗ್ತದೆ?"

"ಕಾದ ಇಂಜಿನ್ನಿಗೆ ತಣ್ಣೀರು ಉಯ್ದ್ರೆ ಸೀಳ್ತದೆ ಅಂತ ದಿನಾ ಅನ್ನೋರು ನೀವೇ. ಅದು ಆರೋಗಂಟ ನೀರು ನನ್ನ ಮಗಂದು."

ಅಪ್ಪ ತನ್ನದೇ ಕಾನೂನಿನೆದುರು ಸೋತು ಕೈ ಹಿಂದಕ್ಕೆ ತೆಗೆದುಕೊಂಡ. ನಾವು ಕಾದೆವು. ಭಯವೆಂದರೆ ಓಡುವುದು, ಕೂಗುವುದು ಎಂದು ತಿಳಿದಿದ್ದೆ. ಆವತ್ತು ಅದು ಒಂದು ಮರದ ಕೆಳಗೆ ಸುಮ್ಮನೆ ನಿಂತು, ಕಬ್ಬಿಣ ಆರುವುದನ್ನೂ ಮಗುವಿನ ಮೈ ಕಾಯುವುದನ್ನೂ ಒಟ್ಟಿಗೆ ನೋಡುವುದಾಗಿತ್ತು. ದಾರಿಯಲ್ಲಿ ಒಂದು ಬಸ್ಸೂ ಬರಲಿಲ್ಲ. ಅಪ್ಪ ಅಂಗೈಯನ್ನು ಇಂಜಿನ್ನಿನ ಹತ್ತಿರ ಹಿಡಿಯುತ್ತಿದ್ದ, ಬಂದು ಸೀನನ ಹಣೆಯ ಹತ್ತಿರ ಹಿಡಿಯುತ್ತಿದ್ದ, ಮತ್ತೆ ಇಂಜಿನ್ನಿಗೆ ಹೋಗುತ್ತಿದ್ದ. ಕೊನೆಗೆ ಗೋಣಿಚೀಲ ಮಡಿಸಿ ಮುಚ್ಚಳದ ಮೇಲಿಟ್ಟು, ಮುಖ ಆಚೆ ತಿರುಗಿಸಿ ತಿರುವಿದ. ನಾನು ಕಣ್ಣು ಮುಚ್ಚಿಕೊಂಡೆ. ಬುಸ್ಸೆಂದು ಉಸಿರು ಬಿಟ್ಟ ಸದ್ದು, ಆಮೇಲೆ ಒಂದು ವಾಸನೆ. ಕಣ್ಣು ಬಿಡದೆಯೇ ಗುರುತಿಸಿದೆ. ಅಂಬಲಿ.

ರೇಡಿಯೇಟರಿನ ಬಾಯಲ್ಲಿ ಹಳದಿಯೂ ಕಂದೂ ಕೂಡಿದ ಗಂಜಿ, ಮೆಲ್ಲಗೆ ಗುಳ್ಳೆ ಒಡೆಯುತ್ತಿತ್ತು. ಅಪ್ಪ ಅದನ್ನು ಬೆರಳಿನಲ್ಲಿ ತೆಗೆದು ನೋಡಿ, ನಮ್ಮ ಕಡೆ ತಿರುಗಿದ.

"ಇದೇನು?"

ಅಮ್ಮ ಸೀನನ ಹಣೆಯಿಂದ ಕಣ್ಣೆತ್ತಲಿಲ್ಲ. "ರಾಗಿ ಇಟ್ಟು. ಒಂದು ಇಡಿ. ಮಡಕೆ ಜಿನುಗಿದ್ರೆ ಮೆತ್ತಾಕಿಲ್ವ, ಅಂಗೇ. ದಿನಾ ಅಂಗಳ ಒದ್ದೆ ಆಗ್ತಿತ್ತು."

"ಅಳದಿ?"

"ನಾನು ಕಣಪ್ಪ," ಎಂದಳು ಅಜ್ಜಿ. "ಸೋರೋ ಗಾಯಕ್ಕೆ ಅರಿಸ್ನ ಆಕ್ದೆ ಇನ್ನೇನು ಆಕ್ತಾರೆ?"

"ಆ ನಾರುನಾರಾಗಿ ಬೆಳ್ಳಗೆ ತೇಲ್ತಾ ಇರೋದು ಏನ್ರೀ?" ಅಮ್ಮ ಈಗ ತಲೆಯೆತ್ತಿದ್ದಳು.

ಅಪ್ಪ ಬೆರಳನ್ನು ಚಿಂದಿಗೆ ಒರೆಸಿದ. ಬಹಳ ಹೊತ್ತು ಒರೆಸಿದ.

"ಮೊಟ್ಟೆ," ಎಂದ.

"ಉಪ್ಪು ಯಾರೂ ಆಕ್ಲಿಲ್ವ?" ಎಂದಳು ಅಜ್ಜಿ.

ಒಬ್ಬರಿಗೊಬ್ಬರು ಹೇಳಿದ್ದರೆ ಒಂದೇ ಮದ್ದಿನಲ್ಲಿ ಮುಗಿಯುತ್ತಿತ್ತು. ಆದರೆ ರೇಡಿಯೇಟರಿಗೆ ಹಿಟ್ಟು ಹಾಕಿದ್ದೇನೆ ಎಂಬುದಕ್ಕೆ ನಮ್ಮ ಮನೆಯಲ್ಲಿ ಗಂಟೆಯ ಲೆಕ್ಕವಿರಲಿಲ್ಲ.

ಅಪ್ಪ ಅಡಿಯ ನಲ್ಲಿ ಬಿಚ್ಚಿ, ತಂತಿ ತೂರಿಸಿ, ಬಂದಷ್ಟು ಗಂಜಿಯನ್ನು ಹೊರಗೆ ಸುರಿದ. ನಾನು ಪಕ್ಕದ ಹೊಲದ ಪಂಪ್‌ಸೆಟ್ಟಿಗೆ ಓಡಿದೆ. ಅಲ್ಲಿ ಸೊಪ್ಪು ತೊಳೆಯುತ್ತಿದ್ದ ಹೆಂಗಸು ನನ್ನ ಮುಖ ನೋಡಿ, ಏನೂ ಕೇಳದೆ ತನ್ನ ಕೊಡ ತುಂಬಿ ತಾನೇ ಹೊತ್ತು ತಂದಳು.

"ನೀರು ಮಗೀಗಾ, ಗಾಡೀಗಾ?"

"ಎರಡ್ಕೂ," ಎಂದ ಅಪ್ಪ.

ತುಂಬಿದ ನೀರು ಮೇಲೆಯೇ ನಿಂತಿತು, ತೊಟ್ಟುತೊಟ್ಟಾಗಿಯಷ್ಟೇ ಕೆಳಗಿಳಿಯಿತು. ಒಳಗಿನ ಕೊಳವೆಗಳಲ್ಲಿ ಹಿಟ್ಟು ಬೆಂದು ಗಟ್ಟಿಯಾಗಿತ್ತು. ಅಪ್ಪ ಸೊಂಟಕ್ಕೆ ಕೈಕೊಟ್ಟು ನಿಂತ. ಆಮೇಲೆ ಅವನು ಒಳಗೆ ಬಗ್ಗಿ, ಅಜ್ಜಿಯ ಮೊಣಕಾಲಿನ ಹತ್ತಿರವಿದ್ದ ಒಂದು ಪೆಟ್ಟಿಗೆಯನ್ನು ದಿಟ್ಟಿಸಿದ. ಊಟಿಯ ಚಳಿಗೆ ಸಾಹೇಬರು ಹಾಕಿಸಿದ್ದ ಹೀಟರು ಅದು. ಇಂಜಿನ್ನಿನ ಬಿಸಿನೀರು ಆ ಪೆಟ್ಟಿಗೆಯನ್ನು ಸುತ್ತಿ ಹೋಗುತ್ತದೆ, ಫ್ಯಾನು ಅದರ ಬಿಸಿಯನ್ನು ಕಾರಿನೊಳಗೆ ಊದುತ್ತದೆ. ಕೋಲಾರದ ಸೀಮೆಯಲ್ಲಿ ಅದನ್ನು ತಿರುಗಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ. ಬಿಸಿ ಇಂಜಿನ್ನಿನಿಂದ ಹೊರಗೆ ಹೋಗಲು ಉಳಿದಿದ್ದ ದಾರಿ ಅದೊಂದೇ, ಮತ್ತು ಅದು ನಮ್ಮ ಮೇಲೆ ಹಾದು ಹೋಗುತ್ತಿತ್ತು.

"ಉರಿಬಿಸಿಲಲ್ಲಿ ಒಲೆ ಹಚ್ತಾನೆ ನನ್ನ ಮಗ," ಎಂದು ಅಜ್ಜಿ ಕಾಲೆತ್ತಿ ಸೀಟಿನ ಮೇಲಿಟ್ಟುಕೊಂಡಳು. ಕಿಟಕಿಗಳನ್ನೆಲ್ಲ ಇಳಿಸಿ ಹೊರಟೆವು. ಅಮ್ಮ ಒದ್ದೆ ಸೀರೆಯ ಸೆರಗಿನಲ್ಲಿ ಸೀನನನ್ನು ಸುತ್ತಿ, ಹಿಂದಿನ ಕಿಟಕಿಯ ಗಾಳಿಗೆ ಹಿಡಿದು ಕೂತಳು. ಗಾಡಿ ಎತ್ತಿನಬಂಡಿಯ ವೇಗದಲ್ಲಿ ಏರು ಹತ್ತಿತು. ದೂರದಲ್ಲಿ ಗಣಿಯ ಸಯನೈಡ್ ದಿಬ್ಬಗಳು, ಚಿನ್ನ ಸೋಸಿ ಉಳಿದ ಮಣ್ಣಿನ ಗುಡ್ಡಗಳು, ಬೂದುಬಣ್ಣಕ್ಕೆ ಕಾಣಿಸಿದವು. ಅವು ಹತ್ತಿರವಾಗುತ್ತಲೇ ಇರಲಿಲ್ಲ. ಆಗ ಸೀನನ ಬೆನ್ನು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತು. ಹಲ್ಲು ಕಚ್ಚಿ ಕೈಕಾಲು ಅದುರತೊಡಗಿದವು. ನನಗೆ ಗೊತ್ತಿದ್ದದ್ದು ಒಂದೇ. ಗಂಟೆಯನ್ನು ಬಿಡದೆ ಬಾರಿಸಿದೆ.

ಅಪ್ಪನ ಕಾಲು ಬ್ರೇಕಿಗೆ ಹೋಯಿತು. ಗಾಡಿ ಮುಗ್ಗರಿಸಿ, ಇಂಜಿನ್ ಒಮ್ಮೆ ಕೆಮ್ಮಿತು. ಈಗ ನಿಂತರೆ ಮತ್ತೆ ಹೊರಡುವುದಿಲ್ಲವೆಂದು ಕಾರಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನ ಕತ್ತಿನ ನರಗಳು ಎದ್ದು ನಿಂತದ್ದು ಹಿಂದಿನಿಂದ ಕಾಣಿಸಿತು. ಆಮೇಲೆ ಆ ಕಾಲು ಬ್ರೇಕನ್ನು ಬಿಟ್ಟಿತು. ಅಪ್ಪ ಗಾಡಿ ಓಡಿಸುತ್ತ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ರತ್ನಾ, ಗಂಟೆ ಬಿಡವ್ವ. ನಾನು ಇಂದಕ್ಕೆ ತಿರುಗಂಗಿಲ್ಲ. ನೀನು ನೋಡಿ, ಮಾತಾಡು. ನಿಲ್ಲಿಸ್ಬ್ಯಾಡ."

ಗಂಟೆ ಕೆಳಗಿಟ್ಟೆ. ಮಾತಾಡಿದೆ. ಕೈ ಅದುರ್ತಾ ಐತೆ ಅಂದೆ. ಕಾಲೂ ಅದುರ್ತಾ ಐತೆ. ತುಟಿ ನೀಲಿ ಆಗೈತೆ. ಅಮ್ಮ ಅವನ್ನ ಮಗ್ಗುಲಿಗೆ ತಿರುಗಿಸ್ತಾ ಅವ್ಳೆ. ನೊರೆ ಬತ್ತಾ ಐತೆ. ಉಸುರೈತೆ, ಉಸುರೈತೆ. ಕೈ ನಿಂತ್ತು. ಕಾಲು ಇನ್ನೂ ಇಲ್ಲ. ಈಗ ಕಾಲೂ ನಿಂತ್ತು. ಉಸುರೈತೆ. ಪ್ರತಿ ಮಾತಿಗೂ ಅಪ್ಪ "ಊಂ" ಎನ್ನುತ್ತಿದ್ದ, ಅಷ್ಟೇ. ಬಿಸಿಗಾಳಿಗೆ ನನ್ನ ನಾಲಿಗೆ ಒಣಗಿ ಅಂಗುಳಿಗೆ ಅಂಟುತ್ತಿತ್ತು. ನಿಲ್ಲಿಸಿದರೆ ಸೀನನ ಉಸಿರು ನಿಲ್ಲುತ್ತದೆಂದು ಹೇಗೋ ನನ್ನ ತಲೆಗೆ ಹೊಕ್ಕಿತ್ತು. ಉರಿಗಾಂ ಕಡೆಯ ತಿರುವಿನಲ್ಲಿ ಹೇಳಲು ಹೊಸದೇನೂ ಇಲ್ಲದೆ ಅವನ ಅಂಗಿಯ ಗುಂಡಿಗಳ ಬಗ್ಗೆ ಹೇಳಿದೆ. ಅಪ್ಪ ಅದಕ್ಕೂ ಊಂ ಅಂದ. ಕಾಣದ ಜನರನ್ನು ಜೀವಮಾನವೆಲ್ಲ ಏರಿಸಿ ಇಳಿಸಿದ ಮನುಷ್ಯ, ಬೆನ್ನ ಹಿಂದಿದ್ದ ತನ್ನ ಮಗನನ್ನು ನನ್ನ ಬಾಯಿಂದ ನೋಡುತ್ತ ಆ ಗಾಡಿ ಓಡಿಸಿದ.

ಆಸ್ಪತ್ರೆಯ ಗೇಟಿನೊಳಗೆ ಇಂಜಿನ್ ಸುತ್ತಿಗೆಯ ಏಟಿನಂಥದೊಂದು ಸದ್ದು ಮಾಡಿ ತಾನಾಗಿಯೇ ನಿಂತಿತು. ಅಪ್ಪ ಬಾಗಿಲು ಮುಚ್ಚದೆ ಸೀನನನ್ನು ಎತ್ತಿಕೊಂಡು ಓಡಿದ. ಅಜ್ಜಿ ಕಾರಿನಲ್ಲೇ ಕೂತಿದ್ದಳು, ತಗಡಿನ ಮೇಲೆ ಅಂಗೈಯಿಟ್ಟು ಮೆಲ್ಲಗೆ ತಟ್ಟುತ್ತ.

ಇಂಥ ದಿನದ ಮೇಲೆ ಮನೆ ಮಾತಿನ ಮನೆಯಾಯಿತೆಂದು ಬರೆಯಲು ನನಗೂ ಇಷ್ಟ. ಆಗಲಿಲ್ಲ. ಅಪ್ಪ ತಟ್ಟೆಯ ಅಂಚಿಗೆ ತಟ್ಟಿಯೇ ಸಾರು ಹಾಕಿಸಿಕೊಂಡ. ಆದರೆ ಊಟ ಮುಗಿಸಿ ಕೈ ತೊಳೆದ ಮೇಲೆ ನನ್ನನ್ನು ಕರೆದು, "ಇವತ್ತು ಏನೇನು ಕಂಡೆ?" ಎಂದು ಕೇಳುವುದನ್ನು ಶುರುಮಾಡಿದ. ನಾನು ಶಾಲೆ, ಬೀದಿ, ಆರೋಗ್ಯಮ್ಮನ ಕೋಳಿ, ಎಲ್ಲವನ್ನೂ ಕಂಡ ಹಾಗೇ ಒಪ್ಪಿಸುತ್ತಿದ್ದೆ. ಅವನು ಗೋಡೆ ನೋಡುತ್ತ ಊಂ ಅನ್ನುತ್ತಿದ್ದ. ಭಯ ನನ್ನನ್ನು ಬಿಡಲಿಲ್ಲ. ಅದಕ್ಕೊಂದು ಕೆಲಸ ಸಿಕ್ಕಿತು, ಅಷ್ಟೇ.

ಗಾಡಿಯ ಸಿಲಿಂಡರ್ ಹೆಡ್ ಸೀಳಿತ್ತು. ಅದನ್ನು ಎತ್ತುಗಳಿಂದ ಹಳ್ಳಿಗೆ ಎಳೆಸಿ ಕೊಟ್ಟಿಗೆಯ ಪಕ್ಕ ನಿಲ್ಲಿಸಿದರು. ಮಿದುಳು ಜ್ವರ ಎಂದರು ಡಾಕ್ಟರು. ಸೀನ ಬದುಕಿದ. ಆವತ್ತಿನಿಂದ ಅವನಿಗೆ ಎಡಗಿವಿ ಕೇಳಿಸುವುದಿಲ್ಲ.